ಮೈಕ್ ಎಟುಕದವರ ಅಹವಾಲು

ಮಕ್ಕಳ ಗ್ರಾಮಸಭೆ ಕರ್ನಾಟಕಕ್ಕೆ ಹೊಸದಲ್ಲ. 1995ರ ಸುಮಾರಿಗೇ ಕುಂದಾಪುರ ತಾಲೂಕಿನ ಹಳ್ಳಿಗಳಲ್ಲಿ ದುಡಿಯುವ ಮಕ್ಕಳ ಭೀಮ ಸಂಘವೂ ಅದರ ಬೆನ್ನಿಗಿದ್ದ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯೂ ಸೇರಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದ್ದವು. ಮಕ್ಕಳೇ ತಮ್ಮ ಪ್ರತಿನಿಧಿಗಳನ್ನು ಆರಿಸಿ, ಊರಿನ ಕುಂದುಕೊರತೆಗಳನ್ನು ದೊಡ್ಡವರ ಪಂಚಾಯಿತಿಯ ಮುಂದಿಡುತ್ತಿದ್ದರು. 2006ರ ಹೊತ್ತಿಗೆ, ಎಲ್ಲ ಗ್ರಾಮ ಪಂಚಾಯಿತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಸಭೆ ನಡೆಸಬೇಕೆಂದು ರಾಜ್ಯ ಸರ್ಕಾರವೇ ಹೇಳಿತು. ಏಳನೇ ತರಗತಿಯ ಹುಡುಗಿ ಎದ್ದುನಿಂತು ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಬೆಳಗಿನ ಬಸ್ಸು ನಿಲ್ಲಿಸುವುದಿಲ್ಲ ಎಂದು ಪಿಡಿಒ ಅವರನ್ನು ಕೇಳುವುದು ಇಂದು ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಮಾಮೂಲಿ ಸುದ್ದಿ. ಹಾಗೆ ಮಾಮೂಲಿಯಾದದ್ದೇ ದೊಡ್ಡ ಗಳಿಕೆ. ಆದರೆ ಅದೇ ಊರಿನ ಅಂಗನವಾಡಿಯಲ್ಲಿ ಕೂತಿರುವ ಮೂರರಿಂದ ಆರು ವರ್ಷದವರು? ಅವರನ್ನು ಸಭೆಗೆ ಕರೆತಂದರೂ ಅದು ಹೆಚ್ಚಾಗಿ ಸ್ವಾಗತ ನೃತ್ಯಕ್ಕೆ, ತಲೆಗೊಂದು ಕಾಗದದ ಕಿರೀಟ ಕಟ್ಟಿ. ಸರ್ಕಾರದ ಹಣದಲ್ಲಿ ಕಟ್ಟಿದ ಕಟ್ಟಡದಲ್ಲಿ ದಿನಕ್ಕೆ ಹಲವು ಗಂಟೆ ಕಳೆಯುವವರು ಅವರು. ಆ ಕಟ್ಟಡ ಹೇಗಿದೆ ಎಂದು ಯಾರೂ ಕೇಳದಿರುವುದೂ ಅವರನ್ನೇ. ಅವರನ್ನೂ ಕೇಳಬೇಕು, ಕೇಳುವುದು ಸಾಧ್ಯ, ಆದರೆ ಅದಕ್ಕೆ ಸಭೆಯ ಮೈಕ್ ತಕ್ಕ ಸಾಧನವಲ್ಲ ಎಂಬುದು ನನ್ನ ವಾದ.

ಕಾನೂನಿನ ಆಧಾರವನ್ನು ಹೆಚ್ಚು ಎಳೆಯಬೇಕಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ತಮಗೆ ಸಂಬಂಧಪಟ್ಟ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ, ವಯಸ್ಸು ಮತ್ತು ಪ್ರಬುದ್ಧತೆ ನೋಡಿ ಅದಕ್ಕೆ ತೂಕ ಕೊಡಬೇಕು ಎನ್ನುತ್ತದೆ ಅದರ 12ನೇ ವಿಧಿ. ಇಂಥ ವಯಸ್ಸಿನಿಂದ ಮೇಲೆ ಎಂಬ ಗೆರೆ ಅಲ್ಲಿಲ್ಲ. ಮಾತು ಬಾರದ ಮಕ್ಕಳ ಆಟ, ಮುಖಭಾವ, ಚಿತ್ರ ಇವೂ ಅಭಿಪ್ರಾಯವೇ ಎಂದು ಒಡಂಬಡಿಕೆಯ ಉಸ್ತುವಾರಿ ಸಮಿತಿ 2009ರಲ್ಲಿ ಬಿಡಿಸಿ ಹೇಳಿತು.

ಸರಿ, ಕೇಳುವುದು ಹೇಗೆ? ಇಂಗ್ಲೆಂಡಿನ ಸಂಶೋಧಕರಾದ ಅಲಿಸನ್ ಕ್ಲಾರ್ಕ್ ಮತ್ತು ಪೀಟರ್ ಮಾಸ್ 2001ರಲ್ಲಿ ಪ್ರಕಟಿಸಿದ ‘ಮೊಸಾಯಿಕ್’ ವಿಧಾನ ಇದಕ್ಕೆ ಒಳ್ಳೆಯ ಉತ್ತರ. ಅವರು ಮೂರು–ನಾಲ್ಕು ವರ್ಷದವರ ಕೈಗೆ ಕ್ಯಾಮೆರಾ ಕೊಟ್ಟು, ನಿಮಗೆ ಮುಖ್ಯ ಅನ್ನಿಸಿದ್ದರ ಫೋಟೊ ತೆಗೆಯಿರಿ ಎಂದರು. ಮಕ್ಕಳೇ ಮುಂದೆ ನಡೆದು ತಮ್ಮ ಶಿಶುವಿಹಾರ ತೋರಿಸಿದರು, ಫೋಟೊ ಅಂಟಿಸಿ ನಕ್ಷೆ ಮಾಡಿದರು. ಸಂಶೋಧಕರು ಅದರ ಪಕ್ಕದಲ್ಲಿ ಟೀಚರುಗಳ, ತಂದೆತಾಯಿಯರ ಮಾತನ್ನೂ ಇಟ್ಟು ನೋಡಿದರು. ಮುಂದೆ ಇದೇ ವಿಧಾನದಲ್ಲಿ ಒಂದು ಶಿಶುವಿಹಾರದ ಅಂಗಳವನ್ನು ಸುಧಾರಿಸಲು ಹೊರಟಾಗ ಅಲ್ಲೊಂದು ದೊಡ್ಡ ಪ್ಲಾಸ್ಟಿಕ್ ಕಂಬಳಿಹುಳ ಇತ್ತು. ದೊಡ್ಡವರಿಗೆ ಅದು ಸುಮ್ಮನೆ ಜಾಗ ತಿನ್ನುವ ವಸ್ತು, ತೆಗೆಸಿಬಿಡುವ ಯೋಚನೆ. ಮಕ್ಕಳು ತೋರಿಸಿಕೊಟ್ಟಾಗಲೇ ಅದು ಅವರಿಗೆ ಎಷ್ಟು ಬೇಕಾದದ್ದು ಎಂದು ತಿಳಿದದ್ದು. ನಮ್ಮ ಅಂಗನವಾಡಿಗೆ ಕ್ಯಾಮೆರಾ ಕೂಡ ಬೇಡ. ‘ನಿನ್ನ ಅಂಗನವಾಡಿ ತೋರಿಸ್ತೀಯಾ ಪುಟ್ಟಾ?’ ಎಂದು ಕೇಳಿ ಮಗುವಿನ ಹಿಂದೆ ನಡೆದರೆ ಸಾಕು. ಎಲ್ಲಿ ಓಡುತ್ತದೆ, ಎಲ್ಲಿ ನಿಮ್ಮ ಕೈ ಹಿಡಿದುಕೊಳ್ಳುತ್ತದೆ, ಯಾವ ಬಾಗಿಲ ಹತ್ತಿರ ಹೋಗಲು ಒಲ್ಲೆ ಎನ್ನುತ್ತದೆ ಎಂಬುದು ಎಂಜಿನಿಯರರ ಅಂದಾಜುಪಟ್ಟಿಯಲ್ಲಿ ಸಿಗುವ ಮಾಹಿತಿಯಲ್ಲ. ನಲ್ಲಿ ಕೈಗೆಟುಕದ್ದು, ಮೆಟ್ಟಿಲು ಮಂಡಿಗಿಂತ ಎತ್ತರವಾದದ್ದು ಆಗ ಕಣ್ಣಿಗೆ ಬೀಳುತ್ತದೆ. ಅಂಗನವಾಡಿಗೆ ಹೋಗುವ ದಾರಿಯೂ ಹಾಗೆಯೇ. ಕರಾವಳಿಯಲ್ಲಿ ಹಳ್ಳ ದಾಟುವ ಕಾಲುಸಂಕವನ್ನೇ ನೋಡಿ: ದೊಡ್ಡವರ ಸೊಂಟದ ಮಟ್ಟಕ್ಕೆ ಕಟ್ಟಿದ ಹಿಡಿಕೆ ನಾಲ್ಕು ವರ್ಷದ ಮಗುವಿಗೆ ಹೆಚ್ಚುಕಡಿಮೆ ತಲೆಯ ಮಟ್ಟ. ಅದರ ಕೆಳಗೆ ಹಳ್ಳದವರೆಗೂ ಏನೂ ಇಲ್ಲ.

ಇದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ, ಚಿಕ್ಕವರು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಾರೆ ಎಂಬುದು. ಅದು ಸುಳ್ಳಲ್ಲ. ಶಾಲೆಗೆ ಸೇರದ ವಯಸ್ಸಿನ ಮಕ್ಕಳು, ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ, ದೊಡ್ಡ ಮಕ್ಕಳಿಗಿಂತ ಬೇಗ ಅದಕ್ಕೆ ವಾಲುತ್ತಾರೆ ಎಂದು ಸಂಶೋಧಕರಾದ ಸ್ಟೀಫನ್ ಸೆಸಿ ಮತ್ತು ಮ್ಯಾಗಿ ಬ್ರಕ್ 1993ರ ತಮ್ಮ ಸಮೀಕ್ಷೆಯಲ್ಲಿ ತೋರಿಸಿದ್ದಾರೆ. ಆದರೆ ಈ ತೊಡಕನ್ನು ನಮ್ಮ ನ್ಯಾಯಾಲಯಗಳು ಬಹಳ ಹಿಂದೆಯೇ ಎದುರಿಸಿವೆ. ಸಾಕ್ಷಿ ಹೇಳಲು ಇಷ್ಟು ವಯಸ್ಸಾಗಿರಬೇಕೆಂಬ ಕನಿಷ್ಠ ಮಿತಿ 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇರಲಿಲ್ಲ, 2023ರ ಹೊಸ ಕಾಯ್ದೆಯಲ್ಲೂ ಇಲ್ಲ. ಪ್ರಶ್ನೆ ಅರ್ಥವಾಗಿ, ಸರಿಯಾಗಿ ಉತ್ತರಿಸಬಲ್ಲವರಾದರೆ ಸಾಕು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಲೆ ಪ್ರಕರಣವೊಂದರಲ್ಲಿ ಏಳು ವರ್ಷದ ಮಗುವಿನ ಸಾಕ್ಷ್ಯವನ್ನು ನಂಬಿತು, ಹೇಳಿಕೊಟ್ಟ ಮಾತೇ ಎಂದು ಒರೆಹಚ್ಚಿ ನೋಡಿದ ಮೇಲೆ. ಜೀವಾವಧಿ ಶಿಕ್ಷೆಗೆ ಕಾರಣವಾಗಬಲ್ಲ ಮಾತು ನಲ್ಲಿ ಎಲ್ಲಿರಬೇಕು ಎನ್ನುವುದಕ್ಕೆ ಬೆಲೆ ಕಳೆದುಕೊಳ್ಳುತ್ತದೆಯೇ? ಇಲ್ಲಿಯೂ ಬೇಕಿರುವುದು ಅದೇ ಎಚ್ಚರ. ‘ನಿಂಗೆ ಜಾರುಬಂಡೆ ಬೇಕು ಅಲ್ವಾ?’ ಎಂದು ಕೇಳುವುದು ನಿಲ್ಲಬೇಕು.

ಚಾಕೊಲೇಟ್ ಅಂಗಡಿ ಬೇಕು ಅಂದರೆ ಏನು ಮಾಡುತ್ತೀರಿ ಎಂದು ನಗುವವರಿದ್ದಾರೆ. ಅನ್ನಲಿ. ಕೇಳುವುದು ಬೇರೆ, ಕೇಳಿದ್ದನ್ನೆಲ್ಲ ಮಾಡುವುದು ಬೇರೆ. ದೊಡ್ಡವರ ಗ್ರಾಮಸಭೆಯಲ್ಲಿ ಬರುವ ಬೇಡಿಕೆಗಳೂ ಎಲ್ಲ ಈಡೇರುವುದಿಲ್ಲವಲ್ಲ. ತಾಯಂದಿರನ್ನು ಕೇಳಿದರೆ ಸಾಲದೇ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಅವರನ್ನು ಕೇಳಲೇಬೇಕು, ಬಾಲವಿಕಾಸ ಸಮಿತಿ ಇರುವುದೇ ಅದಕ್ಕೆ. ಆದರೆ ಮಗುವನ್ನು ಬಿಟ್ಟು ಹೋದ ಮೇಲೆ ಒಳಗಿನ ಹೊತ್ತು ಹೇಗೆ ಕಳೆಯುತ್ತದೆ ಎಂಬುದು ತಾಯಿಗೂ ಗೊತ್ತಿರುವುದಿಲ್ಲ. ನನಗೆ ನಿಜವಾಗಿ ಅಳುಕಿರುವುದು ಬೇರೆಡೆ: ಫೋಟೊಕ್ಕಾಗಿ ಕೇಳಿ ಮರೆತುಬಿಡುವುದು. ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗೆ ಬರೆದ ಪ್ರಬಂಧದಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಬರೆದ. ಮಕ್ಕಳನ್ನು ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಕರೆಯುವುದು ಇವೆಲ್ಲ ಕೆಳಗಿನ ಮೂರು ಮೆಟ್ಟಿಲುಗಳಲ್ಲಿವೆ, ಅವನ್ನು ಆತ ಪಾಲ್ಗೊಳ್ಳುವಿಕೆ ಎಂದು ಎಣಿಸಲೇ ಇಲ್ಲ. ಕಾಗದದ ಕಿರೀಟದ ಜಾಗವೂ ಅಲ್ಲಿಯೇ.

ಹಾಗಾಗಿ ಮಕ್ಕಳ ಗ್ರಾಮಸಭೆಗೆ ಮೊದಲು ಪಂಚಾಯಿತಿ ಸದಸ್ಯರೊಬ್ಬರು, ಪಿಡಿಒ, ಅಂಗನವಾಡಿ ಕಾರ್ಯಕರ್ತೆ ಮೂವರೂ ಅರ್ಧ ದಿನ ಮಕ್ಕಳ ಜತೆ ಸುತ್ತಲಿ, ಕಂಡದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಲಿ. ಆಗುವುದಿಲ್ಲ ಎನ್ನುವುದನ್ನೂ ಯಾಕೆ ಎಂದು ಅಂಗನವಾಡಿಗೇ ಹೋಗಿ ಮಕ್ಕಳಿಗೆ ಅರ್ಥವಾಗುವಂತೆ ಹೇಳಲಿ. ಅವಧಿಯೂ ಮುಖ್ಯ. ಮಗು ಅಂಗನವಾಡಿಯಲ್ಲಿರುವುದು ಮೂರೇ ವರ್ಷ. ಕ್ರಿಯಾಯೋಜನೆ, ಟೆಂಡರು, ಬಿಲ್ಲು ಎಂದು ಸುತ್ತಿ ಬರುವಷ್ಟರಲ್ಲಿ ಅದು ಒಂದನೇ ತರಗತಿಯಲ್ಲಿರುತ್ತದೆ. ನಲ್ಲಿ ಇಳಿಸುವುದು, ಹಿಡಿಕೆಗೆ ಕೆಳಗೊಂದು ಸಾಲು ಸೇರಿಸುವುದು ಇಂಥ ಸಣ್ಣ ಕೆಲಸಗಳನ್ನು ಮುಂದಿನ ವರ್ಷದ ಯೋಜನೆಗೆ ಕಾಯಿಸದೆ ಆ ತಿಂಗಳೇ ಮುಗಿಸಬೇಕು.