ಮಕ್ಕಳಿಗೆ ಹೇಳುವ ಕ್ರಮವನ್ನು ಕಲಿಸುವುದು

ನಮ್ಮ ಮನೆಯ ಏಳು ವರ್ಷದ ಹುಡುಗಿಯು ಒಂದು ದಿನ ತನ್ನ ತಮ್ಮನಿಗೆ, “ಗುಲಾಬಿಗೆ ನೀರು ಹಾಕು” ಎಂದು ಹೇಳಿ ಶಾಲೆಗೆ ಹೊರಟುಹೋದಳು. ಐದು ವರ್ಷದ ಆ ಬಾಲಕನು ಬಚ್ಚಲ ಹಂಡೆಯ ಬಿಸಿನೀರನ್ನೇ ಮೊಗೆದು ಸಸಿಗೆ ಸುರಿದನು. ಅವನ ಕೈ ಸುಡದೆ ಉಳಿದುದೇ ನಮ್ಮ ಪುಣ್ಯ. ಸಂಜೆಗೆ ಸಸಿಯು ಬಾಡಿತು. ಅವನಿಗೆ ಏಟೂ ಬಿದ್ದಿತು. ಏಟು ಕೊಟ್ಟವರು ನಾವೇ. ಆಮೇಲೆ ವಿಚಾರಿಸಿದಾಗ ನಮಗೆ ನಾಚಿಕೆಯಾಯಿತು. ಹೇಳಿದುದನ್ನು ಅವನು ತಪ್ಪದೆ ಮಾಡಿದ್ದನು. ಯಾವ ನೀರು, ಎಷ್ಟು ನೀರು ಎಂಬುದನ್ನು ಯಾರೂ ಹೇಳಿರಲಿಲ್ಲ.

ತಮಗೆ ತಿಳಿದುದು ಕೇಳುವವರಿಗೂ ತಿಳಿದಿದೆಯೆಂದು ಭಾವಿಸುವುದು ಚಿಕ್ಕ ಮಕ್ಕಳ ಸ್ವಭಾವ. ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ ಎಂಬ ಪಂಡಿತರು 1923ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದರು. ನೀರಿನ ನಲ್ಲಿಯು ಕೆಲಸಮಾಡುವ ಬಗೆಯನ್ನು ಒಂದು ಮಗುವಿಗೆ ತಿಳಿಸಿ, ಅದರಿಂದ ಇನ್ನೊಂದು ಮಗುವಿಗೆ ಹೇಳಿಸಿದರು. ಹೇಳುವ ಮಗುವು ಎಷ್ಟೋ ಸಂಗತಿಗಳನ್ನು ಬಿಟ್ಟರೂ, ತಾನು ಎಲ್ಲವನ್ನೂ ತಿಳಿಯಹೇಳಿದೆನೆಂದೇ ನಂಬುತ್ತಿತ್ತು. ಆದರೆ ನಾಲ್ಕು ವರ್ಷದವರು ಕೂಡ ಎರಡು ವರ್ಷದ ಶಿಶುವಿನೊಡನೆ ಮಾತನಾಡುವಾಗ ಮಾತನ್ನು ಸರಳಗೊಳಿಸುವರೆಂದು 1973ರಲ್ಲಿ ಅಮೆರಿಕದ ಪರಿಶೋಧಕರು ತೋರಿಸಿದರು. ಆದಕಾರಣ ಇದು ಕಲಿಸಿದರೆ ಬರುವ ವಿದ್ಯೆಯೇ ಸರಿ.

ಇದಕ್ಕೆ ಅಡಿಗೆಮನೆಯೇ ಉತ್ತಮ ಪಾಠಶಾಲೆ. ಪಾನಕ ಮಾಡುವ ಬಗೆಯನ್ನು ಮಗುವು ಹೇಳಲಿ. ತಾಯಿಯು ಹೇಳಿದಷ್ಟನ್ನೇ ಮಾಡಲಿ. “ಬೆಲ್ಲ ಹಾಕು” ಎಂದರೆ ಅಚ್ಚನ್ನು ಹಾಗೆಯೇ ಪಾತ್ರೆಗೆ ಹಾಕಲಿ. “ಅಲ್ಲಮ್ಮಾ, ಪುಡಿಮಾಡಿ ಹಾಕು” ಎಂದು ಮಗುವು ನಗುವುದು. ತಾನಾಗಿಯೇ ಮಾಡಿಕೊಂಡ ಆ ತಿದ್ದುಪಡಿಯೇ ಪಾಠ. ನಾವು ಮಾತ್ರ ಹಾಸ್ಯಮಾಡಬಾರದು.

ಬಾಯಿಮಾತು ಕುದುರಿದ ಮೇಲೆ ಬರವಣಿಗೆ. ಒಂದು ಸಾಲಿಗೆ ಒಂದೇ ಕೆಲಸವಿರಲಿ. ಮೊದಲು, ಆಮೇಲೆ, ಕೊನೆಗೆ ಎಂಬ ಮಾತುಗಳು ಕ್ರಮವನ್ನು ಹಿಡಿದು ನಿಲ್ಲಿಸುವುವು. ನಮ್ಮ ನುಡಿಯಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, “ಹಾಕು” ಎಂದು ಬರೆಯುವ ಮೊದಲು ಏನನ್ನು, ಎಷ್ಟು, ಎಲ್ಲಿಗೆ ಎಂದು ಕೇಳಿಕೊಳ್ಳುವುದನ್ನು ರೂಢಿಮಾಡಿಸಬಹುದು. ಕಾಗುಣಿತದ ತಪ್ಪುಗಳನ್ನು ಆ ಹೊತ್ತಿಗೆ ಎಣಿಸದಿರುವುದು ಮೇಲು.

ನಾವು ಹುಡುಗನ ಕ್ಷಮೆ ಬೇಡಿ, ಹೊಸದೊಂದು ಸಸಿಯನ್ನು ತಂದು ನೆಟ್ಟೆವು. ಹುಡುಗಿಯು ಚೀಟಿಯೊಂದನ್ನು ಬರೆದಳು: “ಮೊದಲು ತೊಟ್ಟಿಯ ತಣ್ಣೀರನ್ನು ಒಂದು ಚೆಂಬು ತೆಗೆದುಕೋ. ಆಮೇಲೆ ಮೆಲ್ಲಗೆ ಬುಡಕ್ಕೆ ಹಾಕು. ಹಂಡೆಯ ಹತ್ತಿರ ಹೋಗಬೇಡ.” ಓದಲು ಇನ್ನೂ ಬಾರದ ತಮ್ಮನಿಗೆ ಅದನ್ನು ತಾನೇ ಎರಡು ಸಲ ಓದಿ ಹೇಳಿದಳು. ಕೊನೆಯ ಸಾಲನ್ನು ಬರೆಯೆಂದು ನಾವು ಹೇಳಿರಲಿಲ್ಲ.