ಕಾರಂತರ ಕಿವಿ

ಕಂಪನಿ ನಾಟಕದಲ್ಲಿ ಸಂಗೀತಕ್ಕೆ ಖಾಯಂ ಜಾಗವಿತ್ತು. ಮುಂದೆ ಕಾಲು ಹಾರ್ಮೋನಿಯಂ, ಪಕ್ಕದಲ್ಲಿ ತಬಲಾ. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡುತ್ತಿತ್ತು. ಗುಬ್ಬಿ ವೀರಣ್ಣನವರ ಕಂಪನಿಯ ಇಂಥ ಗದ್ದಲದಲ್ಲೇ ರಂಗನಿರ್ದೇಶಕ ಬಿ.ವಿ. ಕಾರಂತರ ಕಿವಿ ಪಳಗಿದ್ದು. ಮುಂದೆ ಆ ಹಾರ್ಮೋನಿಯಂ ಅನ್ನು ಅದರ ಜಾಗದಿಂದ ಎಬ್ಬಿಸಿದವರೂ ಅವರೇ.

ಹುಟ್ಟಿದ್ದು 1929ರಲ್ಲಿ, ಬಂಟ್ವಾಳ ತಾಲ್ಲೂಕಿನ ಬಾಬುಕೋಡಿಯಲ್ಲಿ. ಮನೆ ಬಿಟ್ಟು ಬಂದು ಕಂಪನಿ ಸೇರಿದ ಹುಡುಗನನ್ನು ವೀರಣ್ಣನವರು ಕಾಶಿಗೆ ಓದಲು ಕಳಿಸಿದರು. ಅಲ್ಲಿ ಹಿಂದಿ ಎಂ.ಎ., ಜೊತೆಗೆ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತದ ಪಾಠ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಕಂಪನಿಯಿಂದ ದೂರ ದೂರ ಸಾಗಿದ ದಾರಿಯಂತೆ ಇದು ಕಾಣುತ್ತದೆ. ನನಗೇನೋ ಹಾಗನ್ನಿಸುವುದಿಲ್ಲ. ಕರಾವಳಿಯ ಚೆಂಡೆ, ಕಂಪನಿಯ ಮಟ್ಟು, ಇವೆರಡೇ ಅವರ ಪ್ರಯೋಗಗಳ ಬಂಡವಾಳ.

1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಅವರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿದಾಗ ಕನ್ನಡದ ಪ್ರೇಕ್ಷಕನಿಗೆ ರಂಗಸಂಗೀತ ಬೇರೆಯಾಗಿಯೇ ಕೇಳಿಸಿತು. ಹಾಡು ಮಾತಿನ ನಡುವಿನ ಬಿಡುವಾಗಿ ಉಳಿಯಲಿಲ್ಲ. ಗುಂಪಿನ ಗುನುಗು, ಉಸಿರು, ಕೂಗು, ಹೆಜ್ಜೆ ಎಲ್ಲವೂ ನಾಟಕದ ಕೆಲಸಕ್ಕೆ ಇಳಿದವು. ಕಲ್ಲು, ಬಿದಿರು, ತಗಡು, ಕಾಗದ, ಕೈಗೆ ಸಿಕ್ಕಿದ್ದೆಲ್ಲ ವಾದ್ಯವೇ. ‘ಸತ್ತವರ ನೆರಳು’ ನಾಟಕದಲ್ಲಂತೂ ಪುರಂದರದಾಸರ ಪದಗಳನ್ನೇ ಮಠದ ರಾಜಕಾರಣದ ಮೇಲೆ ಹರಿಯಬಿಟ್ಟರು. ಭಜನೆಯಲ್ಲಿ ಕೇಳಿ ಕೇಳಿ ಸವೆದ ಸಾಲು ಅಲ್ಲಿ ಚುರುಕ್ಕೆನ್ನುತ್ತಿತ್ತು.

ಸಿಕ್ಕ ಸದ್ದನ್ನೆಲ್ಲ ಸಂಗೀತವಾಗಿಸುವುದು ಜಗತ್ತಿಗೆ ಹೊಸದಲ್ಲ. 1948ರಲ್ಲೇ ಪ್ಯಾರಿಸಿನ ಪಿಯರ್ ಶೆಫರ್ ರೈಲಿನ ಸದ್ದನ್ನು ಮುದ್ರಿಸಿಕೊಂಡು ಸಂಗೀತ ಕಟ್ಟಿದ್ದರು. 1952ರಲ್ಲಿ ಅಮೆರಿಕದ ಜಾನ್ ಕೇಜ್ ಪಿಯಾನೋ ವಾದಕನನ್ನು ನಾಲ್ಕೂವರೆ ನಿಮಿಷ ಸುಮ್ಮನೆ ಕೂರಿಸಿ, ಸಭೆಯ ಕೆಮ್ಮು, ಪಿಸುಮಾತನ್ನೇ ಕೇಳಿಸಿದ್ದರು. ಆದರೆ ಅವರಿಬ್ಬರಿಗೂ ಸದ್ದು ಸದ್ದಾಗಿಯೇ ಬೇಕಿತ್ತು. ಕಾರಂತರಿಗೆ ಅದು ಪಾತ್ರಕ್ಕಾಗಿ ಬೇಕಿತ್ತು. ಅವರೇ ನಿರ್ದೇಶಿಸಿ ಸಂಗೀತ ಕೊಟ್ಟ, 1975ರ ಸ್ವರ್ಣಕಮಲ ಪಡೆದ ‘ಚೋಮನ ದುಡಿ’ ಸಿನಿಮಾ ನೋಡಿ. ನೆಲ ಸಿಗದ ಚೋಮ ಬಾಯಲ್ಲಿ ಹೇಳಲಾರದ್ದನ್ನೆಲ್ಲ ದುಡಿಯ ಮೇಲೆ ಬಡಿಯುತ್ತಾನೆ. ಅದನ್ನು ಹಿನ್ನೆಲೆ ಸಂಗೀತ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಣ್ಣಿಗೆ ಕಾಣುವುದೂ ಈ ಕಿವಿಯಿಂದಲೇ ಹುಟ್ಟಿತೇನೋ. ‘ಹಯವದನ’ದ ಅರ್ಧ ತೆರೆ, ಮುಖವಾಡಗಳು ತಾಳ ಹಿಡಿದೇ ಚಲಿಸುತ್ತವೆ. ಆ ನಾಟಕವನ್ನು ಹಿಂದಿಗೆ ತಂದವರೂ ಅವರೇ. 1979ರಲ್ಲಿ ‘ಮ್ಯಾಕ್‌ಬೆತ್’ ಅನ್ನು ‘ಬರ್ನಂ ವನ’ವಾಗಿ ಹಿಂದಿಯಲ್ಲಿ ಆಡಿಸಿದಾಗ ದೆಹಲಿಯ ನಟರಿಗೆ ಯಕ್ಷಗಾನದ ಹೆಜ್ಜೆ ಕಲಿಸಿದರು.

ಮೈಸೂರಿನ ಪಾಲಿಗೆ ಅವರು ಬಂದದ್ದು 1989ರಲ್ಲಿ, ರಂಗಾಯಣದ ಮೊದಲ ನಿರ್ದೇಶಕರಾಗಿ. ನಾವಿರುವ ಉದಯಗಿರಿಯಿಂದ ರಂಗಾಯಣವಿರುವ ಕಲಾಮಂದಿರದ ಆವರಣಕ್ಕೆ ಊರನ್ನೇ ದಾಟಿ ಹೋಗಬೇಕು. ನಾಟಕ ನೋಡಿ ಮರಳಿದ ಮೇಲೆ ನಮ್ಮ ಬೀದಿಯ ಅಜಾನ್, ಅಂಗಡಿಯ ಷಟರ್ ಎಳೆಯುವ ಕರಕರ, ತಳ್ಳುಗಾಡಿಯವನ ಕೂಗು ಬಿಡಿ ಬಿಡಿಯಾಗಿ ಕೇಳತೊಡಗುತ್ತವೆ. ರಂಗಾಯಣದಲ್ಲಿ ಕಾರಂತರಿಗೆ ಸಿಕ್ಕಿದ್ದು ದಿನವಿಡೀ ಜೊತೆಗಿರುವ ನಟರ ತಂಡ. ಬಾಡಿಗೆ ವಾದ್ಯಗಾರರನ್ನು ನೆಚ್ಚದೆ ನಟರ ಕೊರಳು, ಕೈಕಾಲುಗಳಿಂದಲೇ ಮೇಳ ಕಟ್ಟಲು ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿ? ಕುವೆಂಪು ಅವರ ‘ಕಿಂದರಿಜೋಗಿ’ ಅಲ್ಲಿ ರಂಗವೇರಿತು.

ಕಾರಂತರು 2002ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಹಾಡುಗಳು ರಂಗಗೀತೆ ಕಾರ್ಯಕ್ರಮಗಳಲ್ಲಿ ಈಗಲೂ ಚಪ್ಪಾಳೆ ಗಿಟ್ಟಿಸುತ್ತವೆ. ಕೀಬೋರ್ಡ್ ಜೊತೆ ಸಾಲಾಗಿ ನಿಂತು ಹಾಡುವಾಗ ಮಟ್ಟು ಉಳಿಯುತ್ತದೆ, ನಾಟಕ ಜಾರುತ್ತದೆ. ‘ಒನ್ಸ್ ಮೋರ್’ ಕಾಲಕ್ಕೆ ಮರಳಿದಂತೆ, ಅದೂ ನಾಟಕವಿಲ್ಲದೆ! ಪುಣ್ಯಕ್ಕೆ ಸಿನಿಮಾಗಳಿವೆ. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಎರಡಕ್ಕೂ ಅವರಿಗೆ ಸಂಗೀತದ ರಾಷ್ಟ್ರಪ್ರಶಸ್ತಿ ಬಂದಿತ್ತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿದೆ. ಕಾರಂತರನ್ನು ಹೊಸದಾಗಿ ಕೇಳಬೇಕೆನ್ನುವವರು ಅಲ್ಲಿಂದಲೇ ಶುರು ಮಾಡಬಹುದು.