ಪೂಲಿನಿಂದ ಪೇಟೆಗೆ: ಮುಕ್ತ ಮಾರುಕಟ್ಟೆಯ ಪುಸ್ತಕಗಳನ್ನು ಆರಿಸುವ ಬಗೆ

ಮುಕ್ತ ಮಾರುಕಟ್ಟೆಯನ್ನೂ ವ್ಯಕ್ತಿಸ್ವಾತಂತ್ರ್ಯವನ್ನೂ ಎತ್ತಿಹಿಡಿಯುವ ಪುಸ್ತಕಗಳಲ್ಲಿ ಮೂರು ಬಗೆ ಇವೆ. ಬೆಲೆ ಹೇಗೆ ನಿಲ್ಲುತ್ತದೆ, ಪೈಪೋಟಿ ಏನು ಮಾಡುತ್ತದೆ, ಸರ್ಕಾರ ನಡುವೆ ಕೈಹಾಕಿದರೆ ಏನಾಗುತ್ತದೆ ಎಂದು ವಿವರಿಸುವ ಅರ್ಥಶಾಸ್ತ್ರದ ಪುಸ್ತಕಗಳು ಮೊದಲನೆಯವು. ಒಬ್ಬರ ದುಡಿಮೆ, ಆಸ್ತಿ, ಮಾತಿನ ಮೇಲೆ ಸರ್ಕಾರದ ಅಧಿಕಾರ ಎಲ್ಲಿಗೆ ನಿಲ್ಲಬೇಕು ಎಂದು ಕೇಳುವ ರಾಜಕೀಯ ತತ್ತ್ವದ ಪುಸ್ತಕಗಳು ಎರಡನೆಯವು. ಲಿಬರ್ಟೇರಿಯನ್ ವಿಚಾರ ಎನ್ನುವುದು ಮುಖ್ಯವಾಗಿ ಇವನ್ನೇ. ಓದುಗರನ್ನು ತಮ್ಮ ಪಕ್ಷಕ್ಕೆ ಒಲಿಸಿಕೊಳ್ಳಲೆಂದೇ ಬರೆದ ಕಾದಂಬರಿ, ಭಾಷಣ, ಕಿರುಹೊತ್ತಗೆಗಳು ಮೂರನೆಯವು. ಮೂರನೆಯ ಬಗೆಯಿಂದ ಓದು ಆರಂಭಿಸಿದವರು ಅಭಿಮಾನಿಗಳೋ ವಿರೋಧಿಗಳೋ ಆಗಿ ಅಲ್ಲೇ ನಿಂತುಬಿಡುವುದುಂಟು. ಆದ್ದರಿಂದ ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಪುಸ್ತಕ ಹುಡುಕುವುದು ಒಳ್ಳೆಯದು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯ ಓದುಗರಿಗೆ ಇಂಥ ಪ್ರಶ್ನೆಗಳು ಹೊಸವಲ್ಲ. ಬೆಳೆದ ಕಾಫಿಯನ್ನು ಸರ್ಕಾರಿ ಮಂಡಳಿಗೇ ಒಪ್ಪಿಸಬೇಕಾಗಿದ್ದ ಕಾಲವನ್ನೂ, ಬೇಕಾದವರಿಗೆ ಮಾರುವ ಕಾಲವನ್ನೂ ಒಂದೇ ತಲೆಮಾರು ಕಂಡಿದೆ. ಪುಸ್ತಕದ ಮಾತನ್ನು ಒರೆಗೆ ಹಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ.

ಪೂಲ್ ನಡೆದ ರೀತಿ

ಎರಡನೇ ಮಹಾಯುದ್ಧ ಶುರುವಾದಾಗ ಭಾರತದ ಕಾಫಿಗೆ ಯುರೋಪಿನ ಮಾರುಕಟ್ಟೆ ಕೈತಪ್ಪಿ ಬೆಲೆ ನೆಲಕಚ್ಚಿತು. ಬೆಳೆಗಾರರನ್ನು ಉಳಿಸಲು 1940ರಲ್ಲಿ ಸುಗ್ರೀವಾಜ್ಞೆಯೂ 1942ರಲ್ಲಿ ಕಾಫಿ ಕಾಯ್ದೆಯೂ ಬಂದವು. ಮನೆಬಳಕೆಗೆ, ಬೀಜಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಕೊಡಬೇಕು ಎಂಬುದೇ ವ್ಯವಸ್ಥೆಯ ತಿರುಳು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯನ್ನು ತೂಗಿ, ದರ್ಜೆ ವಿಂಗಡಿಸಿ, ಒಂದೊಂದು ದರ್ಜೆಗೂ ಇಂತಿಷ್ಟು ಪಾಯಿಂಟ್ ಎಂದು ಲೆಕ್ಕ ಹಾಕುತ್ತಿದ್ದರು. ಮಂಡಳಿ ಅದನ್ನು ಒಳನಾಡಿಗೂ ರಫ್ತಿಗೂ ಹರಾಜು ಹಾಕಿ, ಬಂದ ಹಣವನ್ನೆಲ್ಲ ಒಟ್ಟುಗೂಡಿಸಿ, ಖರ್ಚು ಕಳೆದು, ಪಾಯಿಂಟಿನ ಪ್ರಕಾರ ಹಂಚುತ್ತಿತ್ತು. ಮೊದಲು ಒಂದಿಷ್ಟು ಮುಂಗಡ ಸಿಗುತ್ತಿತ್ತು, ಉಳಿದದ್ದು ಕಂತಿನಲ್ಲಿ. ತನ್ನ ಕಾಫಿಗೆ ಒಟ್ಟು ಎಷ್ಟು ಬೆಲೆ ಸಿಕ್ಕಿತು ಎಂಬುದು ಬೆಳೆಗಾರನಿಗೆ ಗೊತ್ತಾಗುತ್ತಿದ್ದದ್ದು ಕೊನೆಯ ಕಂತು ಬಂದ ಮೇಲೆಯೇ.

ಯುದ್ಧ ಮುಗಿದರೂ ಪೂಲ್ ಮುಗಿಯಲಿಲ್ಲ. 1989ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು. 1991ರಲ್ಲಿ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಒಡೆಯಿತು, ಅದೇ ವರ್ಷ ದೇಶದ ಆರ್ಥಿಕ ಸುಧಾರಣೆಗಳೂ ಬಂದವು. ಆಮೇಲೆ ಬೆಳೆಯ ಒಂದು ಪಾಲನ್ನು ಒಳನಾಡಿನಲ್ಲಿ ಮಾರಲು ಅನುಮತಿ ಸಿಕ್ಕಿತು, ಬಳಿಕ ಸಣ್ಣ ಬೆಳೆಗಾರರಿಗೆ ಪೂರ್ತಿ ಬಿಡುಗಡೆಯಾಯಿತು. 1996ರ ಸೆಪ್ಟೆಂಬರ್‌ನಲ್ಲಿ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ತಾವೇ ಮಾರುವಂತಾದರು. ಮಂಡಳಿ ಮಾರಾಟದಿಂದ ಹಿಂದೆ ಸರಿದರೂ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಂಥ ಕೆಲಸಗಳನ್ನು ಉಳಿಸಿಕೊಂಡಿತು.

ಬೆಲೆಯನ್ನು ಅರಿಯಲು

ಅರ್ಥಶಾಸ್ತ್ರವನ್ನೇ ಓದದವರು ಹೆನ್ರಿ ಹ್ಯಾಜ್ಲಿಟ್ ಅವರ ‘ಎಕನಾಮಿಕ್ಸ್ ಇನ್ ಒನ್ ಲೆಸನ್’ (1946) ಪುಸ್ತಕದಿಂದ ಆರಂಭಿಸಬಹುದು. ಲೇಖಕ ಪತ್ರಕರ್ತ, ಆದ್ದರಿಂದ ಸೂತ್ರ, ನಕ್ಷೆಗಳ ಕಾಟವಿಲ್ಲ. ಒಂದು ನೀತಿಯಿಂದ ಒಂದು ಗುಂಪಿಗೆ ಇವತ್ತು ಆಗುವ ಲಾಭವನ್ನಷ್ಟೇ ನೋಡದೆ, ಎಲ್ಲ ಗುಂಪುಗಳಿಗೂ ಮುಂದೆ ಆಗುವ ಪರಿಣಾಮ ನೋಡಬೇಕು ಎಂಬುದು ಅವರ ಏಕೈಕ ಪಾಠ. ಈ ವಾದದ ಮೂಲ ಫ್ರೆಂಚ್ ಲೇಖಕ ಫ್ರೆಡರಿಕ್ ಬಾಸ್ಟಿಯಾ. ಅವರ 1850ರ ಕಿರುಬರಹಗಳನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಎರಡನೆಯ ಹೆಜ್ಜೆಗೆ ಪುಸ್ತಕಕ್ಕಿಂತ ಒಂದು ಪ್ರಬಂಧ ಸಾಕು: ಫ್ರೆಡ್ರಿಕ್ ಹಯೆಕ್ 1945ರಲ್ಲಿ ಬರೆದ ‘ದಿ ಯೂಸ್ ಆಫ್ ನಾಲೆಡ್ಜ್ ಇನ್ ಸೊಸೈಟಿ’. ಹನ್ನೆರಡು ಪುಟಗಳ ಈ ಬರಹದ ವಾದವನ್ನು ಕಾಫಿಗೆ ಹೊಂದಿಸಿದರೆ ಹೀಗಾಗುತ್ತದೆ: ಯಾವ ತೋಟಕ್ಕೆ ಹೂಮಳೆ ಚೆನ್ನಾಗಿ ಬಿತ್ತು, ಯಾರ ಅರೇಬಿಕಾಕ್ಕೆ ಕಾಂಡಕೊರಕ ಹತ್ತಿತು, ಯಾವ ದೇಶದ ಹುರಿಯುವವರಿಗೆ ಎಂಥ ಬೀಜ ಬೇಕು ಎಂಬ ವಿವರಗಳು ಸಾವಿರಾರು ಜನರಲ್ಲಿ ಚೂರುಚೂರಾಗಿ ಹಂಚಿಹೋಗಿರುತ್ತವೆ. ಬೆಂಗಳೂರಿನ ಯಾವ ಕಚೇರಿಯೂ ಅವನ್ನೆಲ್ಲ ಒಂದೆಡೆ ಸೇರಿಸಲಾರದು. ಬೆಲೆ ಆ ಕೆಲಸ ಮಾಡುತ್ತದೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟಾಗ ಬೆಲೆ ಏರಿತು. ಬ್ರೆಜಿಲ್ ಎಲ್ಲಿದೆ ಎಂದು ಗೊತ್ತಿಲ್ಲದವರಿಗೂ ಕಾಫಿ ಕೊರತೆಯಾಗಿದೆ ಎಂಬ ಸುದ್ದಿ ಆ ಏರಿಕೆಯಿಂದಲೇ ಮುಟ್ಟಿತು. ಪೂಲಿನಲ್ಲಿ ಇದೇ ಸುದ್ದಿ ಕಂತುಗಳಲ್ಲಿ ಹರಿದು, ಎಲ್ಲರ ಸರಾಸರಿಯಲ್ಲಿ ಕರಗಿ ಬರುತ್ತಿತ್ತು. ಜಾಗರೂಕತೆಯಿಂದ ಹಣ್ಣು ಆರಿಸಿ ಕೊಯ್ದು ಒಳ್ಳೆಯ ಪಾರ್ಚ್‌ಮೆಂಟ್ ಮಾಡಿದವನಿಗೂ ಅದೇ ದರ್ಜೆಯ ಪಾಯಿಂಟೇ ಗತಿ.

ಹಯೆಕ್ ಅವರ ಹೆಸರಾಂತ ಪುಸ್ತಕ ‘ದಿ ರೋಡ್ ಟು ಸರ್ಫ್‌ಡಮ್’ (1944) ಓದುವಾಗ ಬರೆದ ವರ್ಷವನ್ನು ಮರೆಯಬಾರದು. ಯುದ್ಧಕಾಲದ ಯೋಜನೆ, ನಿಯಂತ್ರಣಗಳನ್ನು ಶಾಂತಿಕಾಲಕ್ಕೂ ಮುಂದುವರಿಸುವ ಬ್ರಿಟನ್ನಿನ ಉತ್ಸಾಹಕ್ಕೆ ಅದು ಎಚ್ಚರಿಕೆ. ಯುದ್ಧದ ತುರ್ತಿಗೆ ಹುಟ್ಟಿ ಅರ್ಧ ಶತಮಾನಕ್ಕೂ ಮಿಕ್ಕಿ ಉಳಿದ ಕಾಫಿ ಪೂಲ್ ಆ ಎಚ್ಚರಿಕೆಗೆ ಹೊಂದುವ ಉದಾಹರಣೆ. ಆದರೆ ಕಾಫಿ ಮಂಡಳಿಯಿಂದ ದೇಶವೇನೂ ಸರ್ವಾಧಿಕಾರಕ್ಕೆ ಇಳಿಯಲಿಲ್ಲ ಎಂಬುದೂ ಅಷ್ಟೇ ನಿಜ. ಹಸಿವಿನಿಂದ, ರೋಗದಿಂದ ಜನರನ್ನು ಕಾಯುವ ಕನಿಷ್ಠ ಭದ್ರತೆಯನ್ನು ಸರ್ಕಾರ ಕೊಡುವುದನ್ನು ಹಯೆಕ್ ಇದೇ ಪುಸ್ತಕದಲ್ಲಿ ಒಪ್ಪುತ್ತಾರೆ. ಅವರ ಹೆಸರು ಹೇಳಿ ವಾದಿಸುವವರು ಆ ಭಾಗವನ್ನು ಬಿಟ್ಟುಬಿಡುವುದೇ ಹೆಚ್ಚು.

ಆಡಮ್ ಸ್ಮಿತ್ ಅವರ ‘ವೆಲ್ತ್ ಆಫ್ ನೇಶನ್ಸ್’ (1776) ಬಹಳ ದೊಡ್ಡ ಗ್ರಂಥ. ಮೊದಲ ಓದಿಗೆ ಒಂದನೇ ಭಾಗದ ಆರಂಭದ ಅಧ್ಯಾಯಗಳು ಮತ್ತು ವ್ಯಾಪಾರ ನಿರ್ಬಂಧಗಳನ್ನು ಟೀಕಿಸುವ ನಾಲ್ಕನೇ ಭಾಗ ಸಾಕು. ಸ್ಮಿತ್ ವ್ಯಾಪಾರಿಗಳ ವಕೀಲರಲ್ಲ. ಒಂದೇ ಕಸುಬಿನವರು ಒಟ್ಟು ಸೇರಿದರೆ ಬೆಲೆ ಏರಿಸುವ ಒಳಸಂಚು ನಡೆಯುತ್ತದೆ ಎಂದು ಅವರು ಎಚ್ಚರಿಸುತ್ತಾರೆ. ಪೂಲ್ ಹೋದ ಮೇಲೆ ಕೊಳ್ಳುವವರು ಎಷ್ಟು ಮಂದಿ ಇದ್ದಾರೆ, ಚೆರ್ರಿಯ ಔಟ್‌ಟರ್ನ್ ಅಳೆಯುವವರು ಯಾರು, ಸಾಲ ಕೊಟ್ಟ ವ್ಯಾಪಾರಿಗೇ ಕಾಫಿ ಹಾಕಬೇಕಾದ ಸಣ್ಣ ಬೆಳೆಗಾರನಿಗೆ ನಿಜವಾದ ಆಯ್ಕೆ ಇದೆಯೇ ಎಂಬ ಪ್ರಶ್ನೆಗಳಿಗೆ ಸ್ಮಿತ್ ಅವರನ್ನು ಓದಬೇಕು.

ಭಾರತದ ದನಿಗಳು

ಈ ವಿಚಾರಗಳು ಪಶ್ಚಿಮದಿಂದ ಬಂದವೇ ಹೊರತು ಇಲ್ಲಿಯವಲ್ಲ ಎಂಬ ಭಾವನೆಗೆ ಉತ್ತರ ಬಿ.ಆರ್. ಶೆಣೈ. ಈಗಿನ ಕಾಸರಗೋಡು ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ 1905ರಲ್ಲಿ ಹುಟ್ಟಿದ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದವರು. ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಇಲ್ಲದ ಉಳಿತಾಯದ ಮೇಲೆ ದೊಡ್ಡ ಯೋಜನೆ ಕಟ್ಟಿ, ಕೊರತೆಯನ್ನು ನೋಟು ಮುದ್ರಿಸಿ ತುಂಬಿದರೆ ಬೆಲೆಯೇರಿಕೆ ಬರುತ್ತದೆ, ಅದನ್ನು ಹತ್ತಿಕ್ಕಲು ನಿಯಂತ್ರಣಗಳು ಬೆಳೆಯುತ್ತವೆ ಎಂಬುದು ಅವರ ವಾದದ ಸಾರ. ಆ ಟಿಪ್ಪಣಿ ಚಿಕ್ಕದು, ಭಾರತೀಯ ಓದುಗರಿಗೆ ಅನೇಕ ವಿದೇಶಿ ಗ್ರಂಥಗಳಿಗಿಂತ ಹತ್ತಿರದ್ದು.

ರಾಜಾಜಿ 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷ ಪರ್ಮಿಟ್–ಲೈಸೆನ್ಸ್ ರಾಜ್ಯವನ್ನು ವಿರೋಧಿಸಿ 1967ರಲ್ಲಿ ಲೋಕಸಭೆಯ 44 ಸ್ಥಾನ ಗೆದ್ದಿತು. ರಾಜಕೀಯದ ಕಡೆಯಿಂದ ವಿಷಯ ಹಿಡಿಯುವವರು ರಾಜಾಜಿ, ಮಿನೂ ಮಸಾನಿ ಅವರ ಬರಹಗಳನ್ನು ನೋಡಬಹುದು. ಲೈಸೆನ್ಸ್ ವ್ಯವಸ್ಥೆ ಒಳಗಿನಿಂದ ಹೇಗೆ ಕೆಲಸ ಮಾಡಿತು ಎಂಬುದಕ್ಕೆ ಜಗದೀಶ್ ಭಗವತಿ ಮತ್ತು ಪದ್ಮಾ ದೇಸಾಯಿ ಅವರ 1970ರ ಅಧ್ಯಯನವಿದೆ. ಕಥೆಯಂತೆ ಓದಿಸಿಕೊಳ್ಳುವುದು ಗುರ್ಚರಣ್ ದಾಸ್ ಅವರ ‘ಇಂಡಿಯಾ ಅನ್‌ಬೌಂಡ್’ (2000).

ಬೆಲೆ ಬಿದ್ದಾಗ, ಮಾಲು ಹೊರಗಿನಿಂದ ಬಂದಾಗ

ಕಾಫಿ ಬೆಲೆ ಏರುವಾಗ ಮುಕ್ತ ಮಾರುಕಟ್ಟೆಯನ್ನು ಒಪ್ಪುವುದು ಸುಲಭ. ಬಿಡುಗಡೆಯಾಗಿ ಐದು ವರ್ಷ ತುಂಬುವುದರೊಳಗೆ, ವಿಯೆಟ್ನಾಂನ ರೋಬಸ್ಟಾ ಜಗತ್ತಿಗೆಲ್ಲ ಹರಿದು, 2001ರ ಹೊತ್ತಿಗೆ ದರ ದಶಕಗಳಲ್ಲೇ ಕೆಳಗಿಳಿಯಿತು. ತೋಟಗಳು ಸಾಲಕ್ಕೆ ಬಿದ್ದವು. ಕೊನೆಗೆ 2010ರಲ್ಲಿ ಕೇಂದ್ರ ಸರ್ಕಾರ ಕಾಫಿ ಸಾಲ ಪರಿಹಾರ ಯೋಜನೆ ತಂದಿತು. ಮಾರುವ ಸ್ವಾತಂತ್ರ್ಯ ಬೆಳೆಗಾರನದಾದರೆ ನಷ್ಟದ ಹೊಣೆ ಯಾರದು? ಮಿಲ್ಟನ್ ಫ್ರೀಡ್‌ಮನ್ ಅವರ ‘ಕ್ಯಾಪಿಟಲಿಸಂ ಅಂಡ್ ಫ್ರೀಡಂ’ (1962) ಇದಕ್ಕೆ ನೇರ ಉತ್ತರ ಕೊಡುತ್ತದೆ. ಸರ್ಕಾರ ಮಾಡಬಾರದ ಕೆಲಸಗಳ ಪಟ್ಟಿಯಲ್ಲಿ ಅವರು ಮೊದಲು ಹೆಸರಿಸುವುದು ಕೃಷಿಗೆ ಕೊಡುವ ಬೆಂಬಲ ಬೆಲೆಯನ್ನೇ. ಆದರೆ ಯಾವ ಕಸುಬಿನವರಾದರೂ ಆದಾಯ ಒಂದು ಮಟ್ಟಕ್ಕಿಂತ ಕುಸಿದರೆ ಹಣವನ್ನೇ ಕೈಗೆ ಕೊಡಿ ಎಂದೂ ಹೇಳುತ್ತಾರೆ. ಬೆಳೆಗೆ ನೆರವು ಬೇಡ, ಬಡವನಿಗೆ ನೆರವು ಇರಲಿ ಎಂಬ ಈ ಭೇದವನ್ನು ಹಿಡಿದುಕೊಂಡರೆ ಸಬ್ಸಿಡಿಯ ಅನೇಕ ಚರ್ಚೆಗಳು ತಿಳಿಯಾಗುತ್ತವೆ.

ಇನ್ನೂ ಕಠಿಣ ಪರೀಕ್ಷೆ ಕಾಳುಮೆಣಸಿನದು. ಕಾಫಿ ತೋಟದ ನೆರಳುಮರಗಳಿಗೆ ಹಬ್ಬಿಸಿದ ಮೆಣಸು ಬೆಳೆಗಾರರ ಎರಡನೇ ಆಸರೆ. ವಿಯೆಟ್ನಾಂ ಮೆಣಸು ಶ್ರೀಲಂಕಾ ಮಾರ್ಗವಾಗಿ ಕಡಿಮೆ ಸುಂಕದಲ್ಲಿ ಒಳಬರುತ್ತಿದೆ ಎಂಬ ದೂರು ಎದ್ದ ಮೇಲೆ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ನಿಗದಿ ಮಾಡಿತು. ಕಾಫಿ ಮಾರಾಟಕ್ಕೆ ಬೇಲಿ ಬೇಡ ಎಂದ ಸೀಮೆಯೇ ಮೆಣಸಿಗೆ ಬೇಲಿ ಕೇಳಿತು. ಸೂರ್ಯ ಪುಕ್ಕಟೆ ಬೆಳಕು ಕೊಟ್ಟು ತಮ್ಮ ವ್ಯಾಪಾರ ಕೆಡಿಸುತ್ತಿದ್ದಾನೆ, ಕಿಟಕಿಗಳನ್ನೆಲ್ಲ ಮುಚ್ಚಿಸಿ ಎಂದು ಮೇಣದಬತ್ತಿ ತಯಾರಕರು ಮನವಿ ಕೊಟ್ಟಂತೆ ಬಾಸ್ಟಿಯಾ 1845ರಲ್ಲಿ ಬರೆದ ವಿಡಂಬನೆ ಓದಬೇಕಾದದ್ದು ಇಲ್ಲಿಯೇ. ಅದನ್ನು ಓದಿ ನಕ್ಕ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಒಂದು ದೇಶದ ಸರಕು ಇನ್ನೊಂದರ ಹೆಸರಿನಲ್ಲಿ ಬಂದರೆ ಅದು ಮುಕ್ತ ವ್ಯಾಪಾರವೇ, ಮೋಸವೇ?

ಹಕ್ಕು, ಒಪ್ಪಿಗೆ, ಆಸ್ತಿ

ಪೂಲಿಗೆ ಕಡ್ಡಾಯವಾಗಿ ಕೊಟ್ಟ ಕಾಫಿ ಮಾರಾಟವೋ, ಸರ್ಕಾರದ ಸ್ವಾಧೀನವೋ? ತೆರಿಗೆಯ ಮೊಕದ್ದಮೆಯೊಂದರಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1988ರಲ್ಲಿ ನ್ಯಾಯಾಲಯ ಅದನ್ನು ಮಾರಾಟವೆಂದೇ ಪರಿಗಣಿಸಿ ಖರೀದಿ ತೆರಿಗೆಯನ್ನು ಎತ್ತಿಹಿಡಿಯಿತು. ಬೇಡವೆನ್ನುವ ಅವಕಾಶವಿಲ್ಲದ ಕಡೆ ಒಪ್ಪಿಗೆ ಎಂಬುದಕ್ಕೆ ಏನರ್ಥ ಎಂಬ ಜಿಜ್ಞಾಸೆಗೆ ತತ್ತ್ವದ ಪುಸ್ತಕಗಳು ಬೇಕು. ಜಾನ್ ಸ್ಟುವರ್ಟ್ ಮಿಲ್ ಅವರ ‘ಆನ್ ಲಿಬರ್ಟಿ’ (1859) ಒಳ್ಳೆಯ ಆರಂಭ. ರಾಬರ್ಟ್ ನೋಜಿಕ್ ಅವರ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ (1974) ಕಷ್ಟದ ಓದು, ಆದರೆ ಲಿಬರ್ಟೇರಿಯನ್ ವಾದದ ಗಟ್ಟಿ ರೂಪ ಅದರಲ್ಲಿದೆ. ಅವರ ಪ್ರಕಾರ ಆಸ್ತಿ ನ್ಯಾಯವಾಗಿ ಬಂದಿರಬೇಕು, ನ್ಯಾಯವಾಗಿ ಕೈಬದಲಾಗಿರಬೇಕು, ಹಿಂದೆ ಅನ್ಯಾಯವಾಗಿದ್ದರೆ ಅದನ್ನು ಸರಿಪಡಿಸಬೇಕು. ಮಲೆನಾಡಿನ ಚರಿತ್ರೆಗೆ ಮೂರನೆಯ ಮಾತು ಚುರುಕಾಗಿ ತಾಗುತ್ತದೆ. ಕರ್ನಾಟಕದ ಭೂಸುಧಾರಣೆಯಲ್ಲಿ ಗದ್ದೆಗಳು ಗೇಣಿದಾರರಿಗೆ ಹೋದವು. ಕಾಫಿ, ಏಲಕ್ಕಿ, ಮೆಣಸಿನ ತೋಟಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇತ್ತು. ಯಾವ ಆಸ್ತಿಯ ಹಿಂದೆ ಎಂಥ ಇತಿಹಾಸವಿದೆ ಎಂದು ಕೇಳದೆ ನೋಜಿಕ್ ಅವರನ್ನು ಒಪ್ಪುವುದು ಅರ್ಧ ಓದು.

ಅಯ್ನ್ ರ‍್ಯಾಂಡ್ ಅವರ ‘ಅಟ್ಲಾಸ್ ಶ್ರಗ್ಡ್’ (1957) ಯುವಜನರ ಕೈಗೆ ಬೇಗ ಸಿಗುವ ಪುಸ್ತಕ. ಅದನ್ನು ಕಾದಂಬರಿಯಾಗಿ ಓದಬಹುದು, ಅರ್ಥಶಾಸ್ತ್ರ ಕಲಿಯಲು ಅಲ್ಲ. ಲಿಬರ್ಟೇರಿಯನ್ ಎಂಬ ಗುರುತನ್ನು ರ‍್ಯಾಂಡ್ ಅವರೇ ಒಪ್ಪಿರಲಿಲ್ಲ.

ಎದುರುವಾದದ ಪುಸ್ತಕಗಳು

ಮಾರುಕಟ್ಟೆಯ ಲೆಕ್ಕಕ್ಕೆ ಬಾರದ ಹಾನಿಗಳೂ ಇವೆ. ಕಳಸಕ್ಕೆ ಸಮೀಪದ ಕುದುರೆಮುಖದಲ್ಲಿ ಅದಿರು ತೆಗೆದ ಮಣ್ಣು ಭದ್ರಾ ನದಿಗೆ ಹರಿದಾಗ ಅದರ ಬೆಲೆ ತೆತ್ತವರು ಕೆಳಗಿನ ಊರುಗಳವರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಕಂಪನಿ ಕೇಂದ್ರ ಸರ್ಕಾರದ್ದೇ ಆದ್ದರಿಂದ, ಒಡೆತನ ಸರ್ಕಾರದ್ದಾದ ಮಾತ್ರಕ್ಕೆ ಪರಿಸರ ಉಳಿಯುತ್ತದೆ ಎನ್ನುವಂತಿಲ್ಲ. ಖಾಸಗಿ ಒಪ್ಪಂದದಿಂದ ಇಂಥ ವ್ಯಾಜ್ಯ ಬಗೆಹರಿಯುವುದು ಯಾವಾಗ, ಬಗೆಹರಿಯದಿರುವುದು ಯಾವಾಗ ಎಂಬುದಕ್ಕೆ ರೊನಾಲ್ಡ್ ಕೋಸ್ ಅವರ 1960ರ ಪ್ರಬಂಧವಿದೆ. ಕಾಡು, ನೀರು, ಹುಲ್ಲುಗಾವಲುಗಳನ್ನು ಸರ್ಕಾರಕ್ಕೂ ಒಪ್ಪಿಸದೆ, ಮಾರಿಯೂ ಬಿಡದೆ ಊರವರೇ ಕಟ್ಟುಪಾಡು ಮಾಡಿಕೊಂಡು ಕಾಯ್ದ ಉದಾಹರಣೆಗಳು ಎಲಿನಾರ್ ಆಸ್ಟ್ರಂ ಅವರ ‘ಗವರ್ನಿಂಗ್ ದ ಕಾಮನ್ಸ್’ನಲ್ಲಿವೆ (1990). ದೇವರಕಾಡುಗಳನ್ನು ಬಲ್ಲ ಮಲೆನಾಡಿಗರಿಗೆ ಅದು ಪರಿಚಿತವೆನಿಸೀತು.

ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರ ಕಡೆಯಿಂದ ನೋಡಲು ಕಾರ್ಲ್ ಪೊಲಾನ್ಯಿ ಅವರ ‘ದಿ ಗ್ರೇಟ್ ಟ್ರಾನ್ಸ್‌ಫರ್ಮೇಶನ್’ (1944) ಬೇಕು. ಶ್ರಮವನ್ನೂ ನೆಲವನ್ನೂ ಬರೀ ಸರಕೆಂದು ಎಣಿಸಿದರೆ ಸಮಾಜ ತಿರುಗಿ ನಿಲ್ಲುತ್ತದೆ ಎಂಬುದು ಅವರ ವಾದ. ತೋಟದ ಮಾಲೀಕರು ಮನೆ, ಆಸ್ಪತ್ರೆ ಒದಗಿಸಬೇಕೆಂದ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯನ್ನು ಆ ಬೆಳಕಿನಲ್ಲಿ ನೋಡಬಹುದು. ಅಮರ್ತ್ಯ ಸೇನ್ ಅವರ ‘ಡೆವಲಪ್‌ಮೆಂಟ್ ಆ್ಯಸ್ ಫ್ರೀಡಂ’ (1999) ಮಾರುಕಟ್ಟೆಯ ಸ್ವಾತಂತ್ರ್ಯವನ್ನು ಒಪ್ಪುತ್ತಲೇ ಶಿಕ್ಷಣ, ಆರೋಗ್ಯಗಳಿಲ್ಲದೆ ಅದು ಪೂರ್ತಿಯಾಗದು ಎನ್ನುತ್ತದೆ.

ಆರಿಸುವಾಗ ಮೂರು ಸಂಗತಿ ನೋಡಿಕೊಂಡರೆ ಸಾಕು: ಪುಸ್ತಕ ಯಾವ ವರ್ಷದ್ದು, ಯಾರ ವಿರುದ್ಧ ಬರೆದದ್ದು, ತನ್ನ ವಾದಕ್ಕೆ ಬಗ್ಗದ ಪ್ರಸಂಗಗಳನ್ನು ಎದುರಿಸುತ್ತದೆಯೇ. ಸ್ಮಿತ್, ಬಾಸ್ಟಿಯಾ, ಮಿಲ್ ಅವರ ಮೂಲ ಕೃತಿಗಳಿಗೆ ಈಗ ಹಕ್ಕುಸ್ವಾಮ್ಯವಿಲ್ಲದ ಕಾರಣ ಅವು ಉಚಿತವಾಗಿಯೇ ಸಿಗುತ್ತವೆ. ಮೊದಲ ವರ್ಷಕ್ಕೆ ಹ್ಯಾಜ್ಲಿಟ್, ಹಯೆಕ್ ಪ್ರಬಂಧ, ಶೆಣೈ ಟಿಪ್ಪಣಿ, ಫ್ರೀಡ್‌ಮನ್, ಅವರ ಎದುರಿಗೆ ಪೊಲಾನ್ಯಿ ಇಲ್ಲವೇ ಸೇನ್ ಸಾಕು. ನೋಜಿಕ್, ಸ್ಮಿತ್ ಎರಡನೇ ವರ್ಷಕ್ಕೆ ಇರಲಿ. ಪರವಾದ ಒಂದು ಪುಸ್ತಕಕ್ಕೆ ವಿರೋಧದ ಒಂದನ್ನು ಜೋಡಿಸಿ, ಎರಡನ್ನೂ ಪೂಲಿನ ಕಾಲಕ್ಕೂ ನಂತರದ ಕಾಲಕ್ಕೂ ಹೊಂದಿಸಿ ನೋಡಿದರೆ, ಯಾವ ವಾದ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಓದುಗರು ತಾವೇ ತೀರ್ಮಾನಿಸಬಹುದು.